ಕಾಯಿಲು ಎಷ್ಟಗಲ ಇರಬೇಕು

ಹೊಸನಗರದ ಕಡೆಯಿಂದ ಸಾಗರಕ್ಕೆ ಬರುವ ರಸ್ತೆಯಲ್ಲಿ, ಪೇಟೆ ಇನ್ನೂ ಒಂದು ಮೈಲಿ ಇರುವಾಗ ಮುಕುಂದಯ್ಯನವರ ಸಾಮಿಲ್ ಇತ್ತು. ಅಲ್ಲಿ ಗರಗಸದ ಪಟ್ಟಿಗೆ ಹಲ್ಲು ಮಸೆಯುವ ಕೆಲಸ ನನ್ನದು. ಈ ಕೆಲಸ ಮಾಡುವವನಿಗೆ ಸಿಟ್ಟು ಬೇಗ ಬರುತ್ತದೆ. ಇಡೀ ದಿನ ಕೂತು ಹಲ್ಲು ಮಸೆದು ಪಟ್ಟಿಯನ್ನು ಚಕ್ರಕ್ಕೆ ಏರಿಸಿಕೊಟ್ಟ ಅರ್ಧ ಗಂಟೆಗೆ, ಯಾರದೋ ಹಿತ್ತಿಲ ಮರದಲ್ಲಿ ಯಾರದೋ ಅಜ್ಜ ಬಟ್ಟೆಹಗ್ಗ ಕಟ್ಟಲು ಹೊಡೆದ ಮೊಳೆ ಸಿಕ್ಕಿ ಪಟ್ಟಿ ಪಟಾರನೆ ಹರಿದರೆ, ಸಿಟ್ಟು ಬರದವನು ಮಠಕ್ಕೆ ಹೋಗಬೇಕು. ಸಾಮಿಲ್ಲಿಗೆ ಅವನು ಬೇಡ.

ಅರವತ್ತಮೂರನೇ ಇಸವಿಯ ಬೇಸಿಗೆ ಅದು. ಶರಾವತಿಗೆ ಅಣೆಕಟ್ಟು ಏಳುತ್ತಿತ್ತು. ಮುಳುಗುವ ಊರುಗಳ ಜನ ಹೆಂಚು, ಜಂತಿ, ಒರಳುಕಲ್ಲು ಸಮೇತ ಮನೆ ಬಿಚ್ಚಿ ಗಾಡಿಗೆ ಹೇರಿಕೊಂಡು ಬರುತ್ತಿದ್ದರು. ಹಿತ್ತಿಲ ಮರಗಳನ್ನೂ ಕಡಿದು ತರುತ್ತಿದ್ದರು. ಒಂದೇ ತಿಂಗಳಲ್ಲಿ ನಮ್ಮಲ್ಲಿ ಎರಡು ಪಟ್ಟಿ ಹರಿದವು. ಎರಡನೆಯದರ ತುಂಡು ಹಾರಿ, ದಿಮ್ಮಿ ನೂಕುವ ಟ್ರಾಲಿಯ ಮೇಲೆ ಕೂರುವ ಧರ್ಮಪ್ಪನ ಬನಿಯನ್ನನ್ನು ಬೆನ್ನಮೇಲೆ ಉದ್ದಕ್ಕೆ ಸೀಳಿಕೊಂಡು ಹೋಯಿತು. ಧರ್ಮಪ್ಪನಿಗೆ ಏನೂ ಆಗಲಿಲ್ಲ, ಆದರೆ ಮೂರು ದಿನ ಟ್ರಾಲಿಯ ಹತ್ತಿರ ಸುಳಿಯಲಿಲ್ಲ. ಮುಕುಂದಯ್ಯನವರು ಬಾಗಿಲಿಗೆ ಹಲಗೆ ಹೊಡೆಸಿದರು: ‘ಹಿತ್ತಿಲ ಮರ ಕೊಯ್ಯುವುದಿಲ್ಲ.’

ಆ ಹಲಗೆಯ ಬಣ್ಣ ಒಣಗುವ ಮೊದಲೇ ಸೀತಾರಾಮಪ್ಪ ಬಂದ.

ಜೋಡೆತ್ತಿನ ಗಾಡಿ. ಗಾಡಿಯ ಮೇಲೆ ಒಂದು ಹೆಬ್ಬಲಸಿನ ದಿಮ್ಮಿ. ದಿಮ್ಮಿಯ ಮೇಲೆ, ಕುದುರೆ ಏರಿದ ಹಾಗೆ, ಅವನ ತಾಯಿ ಗುತ್ಯಮ್ಮ. ಸೀತಾರಾಮಪ್ಪ ನಲವತ್ತರ ಸುಮಾರಿನ ಗೇಣಿದಾರ. ಕೆಟ್ಟವನಲ್ಲ. ‘ಗೊತ್ತಿಲ್ಲ’ ಎಂಬ ಒಂದು ಮಾತನ್ನು ಮಾತ್ರ ಅವನ ನಾಲಿಗೆ ಕಲಿತಿರಲಿಲ್ಲ.

“ಮೊಳೆ ಇದ್ಯೇನೋ?” ಎಂದು ಮುಕುಂದಯ್ಯನವರು ಕೇಳಿದರು.

“ಮೊಳೆಯಾ? ನಮ್ಮ ಮರದಾಗಾ? ಶುದ್ಧ ಬೆಣ್ಣೆ ಅಯ್ಯಾ. ಅಡಕತ್ತರಿ ಇಟ್ರೂ ಕೊಯ್ತದೆ.”

“ಏಳು ಅದಾವೆ,” ಎಂದಳು ಗುತ್ಯಮ್ಮ ಮೇಲಿನಿಂದ.

“ಅವ್ವಾ, ನೀ ಸುಮ್ಕಿರು.”

“ಯಾಕೆ ಸುಮ್ಕಿರ್ಲಿ? ಒಂದೊಂದನ್ನೂ ನಾನೇ ನಿಂತು ಹೊಡೆಸೀನಿ.”

ಮೊಳೆ ಎಂದರೆ ಬಟ್ಟೆಹಗ್ಗದ ಮೊಳೆಯಲ್ಲ. ನಮ್ಮ ಕಡೆ ಮೈಮೇಲೆ ದೆವ್ವ ಬಂದರೆ, ಬಿಡಿಸುವವನು ಬಂದು, ದೆವ್ವ ಬಂದವರ ತಲೆಗೂದಲು ನಾಲ್ಕೆಳೆ ಕಿತ್ತು, ಮರಕ್ಕಿಟ್ಟು ಮೊಳೆ ಜಡಿಯುತ್ತಾನೆ. ದೆವ್ವ ಅಲ್ಲಿಗೆ ಸೆರೆ. ಮರ ಬೆಳೆದ ಹಾಗೆ ತೊಗಟೆ ಮೊಳೆಯನ್ನು ನುಂಗುತ್ತದೆ. ಗುತ್ಯಮ್ಮನ ಹೆಬ್ಬಲಸು ಹಿತ್ತಿಲ ಬೇಲಿಯಲ್ಲಿ, ಓಣಿಗೆ ಬೆನ್ನು ಹಾಕಿ ನಿಂತಿದ್ದ ಮರವಂತೆ. ಮೂರು ತಲೆಮಾರಿನ ದೆವ್ವಗಳು ಅದರೊಳಗಿದ್ದವು. ಎಲ್ಲಿ, ಎಷ್ಟು ಆಳದಲ್ಲಿ ಎಂಬುದು ಜಡಿದವನಿಗೆ ಗೊತ್ತಿತ್ತು. ಅವನು ಸತ್ತು ಹನ್ನೆರಡು ವರ್ಷವಾಗಿತ್ತು.

“ಇದನ್ನ ನಾನು ಕೊಯ್ಯೋದಿಲ್ಲ. ಬೇರೆ ಮರದ ಬಾಗಿಲುವಾಡ ಮಾಡಿಸ್ಕಳಿ,” ಎಂದರು ಮುಕುಂದಯ್ಯನವರು.

“ಬೇರೆ ಮರದ ಬಾಗಿಲಾಗೆ ನಾನು ಕಾಲಿಡೋದಿಲ್ಲ,” ಎಂದಳು ಗುತ್ಯಮ್ಮ. “ನನ್ನ ಊರು ಮುಳುಗ್ತದೆ, ಗದ್ದೆ ಮುಳುಗ್ತದೆ. ನಾನು ನೆಟ್ಟ ಮರ ಒಂದು ಉಳಿದದೆ. ಅದರ ಬಾಗಿಲು ನಿಲ್ಲೋತನಕ ನಾ ಇಲ್ಲೇ ಕೂತ್ಕಂಡಿರ್ತೀನಿ.”

ಎಲ್ಲೇ? ದಿಮ್ಮಿಯ ಮೇಲೆಯೇ. ಗಾಡಿಯಿಂದ ದಿಮ್ಮಿ ಇಳಿಸಿದೆವು. ಮುದುಕಿಯೂ ಅದರೊಂದಿಗೆ ಇಳಿದು, ಮತ್ತೆ ಹತ್ತಿ ಕೂತು, ಎಲೆಅಡಿಕೆ ಚೀಲ ಬಿಚ್ಚಿದಳು. ಹೊಸ ಜಾಗದಲ್ಲಿ ಗೋಡೆ ಎದ್ದಿತ್ತು, ಹೆಂಚು ಹೊದಿಸಿತ್ತು, ಬಾಗಿಲಿನ ಜಾಗ ಮಾತ್ರ ಬಾಯಿ ತೆರೆದುಕೊಂಡಿತ್ತು. ಮಳೆಗೆ ಇನ್ನು ಮೂರೇ ವಾರ.

ಆಗ ಸೀತಾರಾಮಪ್ಪ ಎದೆ ಉಬ್ಬಿಸಿ ಆ ಮಾತು ಹೇಳಿದ. “ಅಣೆಕಟ್ಟಿನ ಕಡೆ ನೆಲದೊಳಗಿನ ಪೈಪು ಹುಡುಕೋ ಮಿಷನ್ ಐತೆ. ಕಬ್ಬಿಣ ಕಂಡ್ರೆ ಕೂಗ್ತದೆ. ನಂಗೆ ಅದರದ್ದು ಪೂರಾ ಗೊತ್ತು. ನಾಳೆ ತರ್ತೀನಿ.”

ಮುಕುಂದಯ್ಯನವರು ನನ್ನನ್ನು ಪಕ್ಕಕ್ಕೆ ಕರೆದರು. “ಶೇಷಪ್ಪ, ನೀನೂ ಹೋಗು. ಇವನು ಹೇಳೋದ್ರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಅಂತ ನೋಡ್ಕಂಡು ಬಾ. ಶನಿವಾರ ಸಂಜೆ ಒಳಗೆ ದಿಮ್ಮಿನೂ ಹೋಗ್ಬೇಕು, ಅಜ್ಜಿನೂ ಹೋಗ್ಬೇಕು.”

ಸೀತಾರಾಮಪ್ಪನಿಗೆ ಆ ಮಿಷನ್ ಪೂರಾ ಗೊತ್ತಿತ್ತು ಎಂದರೆ, ದೂರದಿಂದ ಒಂದು ಸಲ ನೋಡಿದ್ದ ಎಂದರ್ಥ. ಅಣೆಕಟ್ಟಿನ ಕಡೆ ತಲೆಯೂ ಹಾಕದೆ, ನೇರ ಹೋಗಿ ಸಾಗರದ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಗಣೇಶಮೂರ್ತಿಯ ಅಂಗಡಿಯಲ್ಲಿ ನಿಂತ. ಗಣೇಶಮೂರ್ತಿ ಕನ್ನಡಕ ಹಣೆಗೇರಿಸಿ ಪೂರ್ತಿ ಕೇಳಿಸಿಕೊಂಡ.

“ಮಾಡ್ಬಹುದು. ಬಿದಿರಿನ ಬಳೆಗೆ ತಾಮ್ರದ ತಂತಿ ಸುತ್ತೋದು. ಅದೇ ಕಾಯಿಲು. ಅದಕ್ಕೊಂದು ಟ್ರಾನ್ಸಿಸ್ಟರು, ಬ್ಯಾಟರಿ. ಪಕ್ಕದಲ್ಲಿ ರೇಡಿಯೋ ಇಟ್ರೆ ಒಂದೇ ಸಮ ಸಿಳ್ಳು ಹೊಡೀತದೆ. ಕಬ್ಬಿಣ ಹತ್ರ ಬಂದ್ರೆ ಸಿಳ್ಳು ಬದಲಾಗ್ತದೆ. ಎಂತ ಹುಡುಕ್ಬೇಕು ಅಂತ ಸರಿಯಾಗಿ ಹೇಳು. ಕಾಯಿಲು ಎಷ್ಟಗಲ ಅಂತ ಆಮೇಲೆ ನೋಡುವ.”

“ದೊಡ್ಡದೇ ಮಾಡಿ ಭಟ್ರೇ. ಆಮೇಲೆ ಸಾಲ್ಲಿಲ್ಲ ಅಂತಾಗೋದು ಬ್ಯಾಡ.”

ಶಾಲೆ ಹುಡುಗನಿಗೆ ಅಂಗಿ ಹೊಲಿಸುವಾಗ ಹೇಳುವ ಮಾತು ಅದು.

“ಹಾಗಲ್ಲ ಮಾರಾಯ. ಅಗಲ ಆದಷ್ಟೂ ಆಳಕ್ಕೆ ಕೇಳ್ತದೆ ಹೌದು, ಆದ್ರೆ ಸಣ್ಣ ಮೊಳೆ ಅದ್ರ ಕಿವಿಗೆ ಬೀಳೋದಿಲ್ಲ. ಹಂಡೆ ಹುಡುಕ್ಲಿಕ್ಕೆ ದೊಡ್ಡದು. ಮೊಳೆ ಹುಡುಕ್ಲಿಕ್ಕೆ ಸಣ್ಣದು.”

“ಹಂಡೆ ಕಾಣೋ ಕಣ್ಣಿಗೆ ಮೊಳೆ ಕಾಣದಿಲ್ವಾ?”

ಗಣೇಶಮೂರ್ತಿ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಪ್ರಶ್ನೆ ನನಗೂ ಸರಿ ಅನಿಸಿತ್ತು.

ಮಾರನೆಯ ದಿನ ಸೀತಾರಾಮಪ್ಪ ಮಿಲ್ಲಿಗೆ ಬಂದದ್ದು ಗೇರುವ ಮೊರದಷ್ಟಗಲದ ಕಾಯಿಲು ಹಿಡಿದು. ಕುತ್ತಿಗೆಯಲ್ಲಿ ಗಣೇಶಮೂರ್ತಿಯ ಟ್ರಾನ್ಸಿಸ್ಟರ್ ರೇಡಿಯೋ, ಮುಖದಲ್ಲಿ ಎಂಜಿನಿಯರನ ಕಳೆ. ಸುದ್ದಿ ಹಬ್ಬಿ ಅವನ ಊರಿನ ಜನವೂ ಬಂದಿದ್ದರು. ದಿಮ್ಮಿಯನ್ನು ಟ್ರಾಲಿಗೆ ಏರಿಸಿದೆವು. ಗುತ್ಯಮ್ಮನನ್ನು ಬಹಳ ಕಾಡಿಬೇಡಿ ಇಳಿಸಿದೆವು.

ಮಿಷನ್ ಕೂಗಿತು. ಬುಡದಲ್ಲಿ ಕೂಗಿತು, ನಡುವೆ ಕೂಗಿತು, ತುದಿಯಲ್ಲಿ ಕೂಗಿತು. ಕೂಗಿದಲ್ಲೆಲ್ಲ ಸೀತಾರಾಮಪ್ಪ ಸೀಮೆಸುಣ್ಣದಲ್ಲಿ ಗೆರೆ ಹಾಕಿದ. ದಿಮ್ಮಿ ವಿಭೂತಿ ಬಳಿದುಕೊಂಡ ಅಯ್ಯನೋರ ಹಾಗಾಯಿತು.

“ಅರವತ್ತಮೂರು!” ಎಂದು ಅವನು ಘೋಷಿಸಿದ.

“ಇಸವಿ ಹೇಳ್ತಿದಾನಾ?” ಎಂದ ಧರ್ಮಪ್ಪ.

“ಮೊಳೆ ಕಣೋ!”

ಜನ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಅದೇ ಹೊತ್ತಿಗೆ ಸಿಳ್ಳು ನಿಂತು, ಗಂಭೀರ ಸ್ವರದ ಗಂಡಸೊಬ್ಬ ದಿಮ್ಮಿಯ ಕಡೆಯಿಂದ ಮಾತನಾಡಿದ: “ಕೊಟ್ಟಿಗೆ ಗೊಬ್ಬರವನ್ನು ಚೆನ್ನಾಗಿ ಕಳಿಯಲು ಬಿಡಬೇಕು.”

ರೇಡಿಯೋ ತಿರುಪು ಸೀತಾರಾಮಪ್ಪನ ಹೊಟ್ಟೆಗೆ ತಾಗಿ ಸರಿದಿತ್ತು. ರೈತರ ಕಾರ್ಯಕ್ರಮದ ಹೊತ್ತು. ಆದರೆ ಅದನ್ನು ಯಾರಾದರೂ ಹೇಳುವ ಮೊದಲೇ ಗುತ್ಯಮ್ಮನ ನೆರೆಮನೆಯ ಕೆರಿಯಮ್ಮ ದಿಮ್ಮಿಗೆ ಅಡ್ಡಬಿದ್ದಳು.

“ಅಯ್ಯಯ್ಯೋ, ನಮ್ಮ ದೊಡ್ಡಮಾವ! ಸಾಯೋತನಕ ಗೊಬ್ಬರದ್ದೇ ಮಾತು ಅವರದ್ದು! ತಪ್ಪಾಯ್ತು ಮಾವಯ್ಯಾ, ನಾನೇ ಜಡಿಸಿದ್ದು!”

ಗುತ್ಯಮ್ಮನ ಬಾಯಲ್ಲಿದ್ದ ಎಲೆಅಡಿಕೆ ನಿಂತುಹೋಯಿತು. “ಎಂತ ಅಂದೆ? ನಿನ್ನ ಮಾವನ್ನ ನನ್ನ ಮರಕ್ಕೆ ಜಡ್ದಿದೀಯಾ?”

“ಮಾವ ಒಬ್ಬರೇ ಅಲ್ಲ ಅಕ್ಕಾ. ಹುಲಿಕಲ್ ಘಾಟಿಯಿಂದ ಬರುವಾಗ ನಮ್ಮ ಹುಡುಗಿಗೆ ಒಂದು ಹತ್ತಿತ್ತು. ಗುರುತಿಲ್ಲದ್ದು. ಅದೂ ಇಲ್ಲೇ.”

“ನಿನ್ನ ಹಿತ್ತಿಲಾಗೆ ಮರ ಇರ್ಲಿಲ್ವಾ?”

“ನಮ್ಮ ಮರದಾಗೆ ಹುಡುಗ್ರು ಜೋಕಾಲಿ ಆಡ್ತಿದ್ವು.”

ಒಬ್ಬರು ಬಾಯಿಬಿಟ್ಟರೆ ಸಾಕು, ಉಳಿದವರಿಗೆ ತಡೆಯಲಾಗುವುದಿಲ್ಲ. ಸುಬ್ಬಪ್ಪ ಎಂಬಾತ ಮುಂದೆ ಬಂದು ತನ್ನ ಚಿಕ್ಕಪ್ಪ ಈ ಮರದಲ್ಲಿದ್ದಾನೆಂದು ಹೇಳಿ ಕಣ್ಣೊರೆಸಿಕೊಂಡ. ಆಮೇಲೆ ಬೆಳ್ಳಪ್ಪ ಗಂಟಲು ಸರಿಮಾಡಿಕೊಂಡ.

“ನಂದೂ ಒಂದದೆ. ನಮ್ಮತ್ತೆ. ಗೇಣುದ್ದದ ಜಂತಿ ಮೊಳೆ.”

“ನಿಮ್ಮತ್ತೆ ಹೋದ್ವರ್ಷ ತೀರ್ಕಂಡಿದ್ದಲ್ವಾ? ಮರದ ತೊಗಟೆ ಸುತ್ತಾ ಮುಚ್ಚಿ ಎಷ್ಟೋ ವರ್ಷ ಆಯ್ತು,” ಎಂದ ಸುಬ್ಬಪ್ಪ.

“ಜಡಿಯೋವಾಗ ಬದುಕಿದ್ರು,” ಎಂದ ಬೆಳ್ಳಪ್ಪ ತಲೆ ತಗ್ಗಿಸಿ.

ಏಳು, ಎರಡು, ಒಂದು, ಒಂದು. ಹನ್ನೊಂದಾಯಿತು. ಮಿಷನ್ನಿನ ಲೆಕ್ಕದ ಪ್ರಕಾರ ಇನ್ನೂ ಐವತ್ತೆರಡು ದೆವ್ವಗಳ ವಾರಸುದಾರರು ಸಿಗಬೇಕಾಗಿತ್ತು. ದಿಮ್ಮಿಯ ಪಾಸು ನೋಡಲು ಬಂದಿದ್ದ ಫಾರೆಸ್ಟ್ ಗಾರ್ಡು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, “ಪಾಸಿನಾಗೆ ಹೆಬ್ಬಲಸು ಒಂದು ಅಂತ ಮಾತ್ರ ಐತೆ. ಒಳಗಿರೋರ ವಿಚಾರ ನನಗೆ ಬರೋದಿಲ್ಲ,” ಎಂದು ಸೈಕಲ್ ಏರಿದ. ಧರ್ಮಪ್ಪ ಹೆಗಲ ಟವಲು ಕೊಡವಿ, “ನಾನಂತೂ ಇದರ ಮುಂದೆ ಕೂರಾಕಿಲ್ಲ,” ಎಂದ.

ನನಗೆ ಸಿಟ್ಟು ನೆತ್ತಿಗೇರಿತು. ಸೀತಾರಾಮಪ್ಪನ ಕೈಯಿಂದ ಕಾಯಿಲು ಕಸಿದು ಟ್ರಾಲಿಯ ಖಾಲಿ ತುದಿಯ ಮೇಲೆ ಹಿಡಿದೆ. ಅದೇ ಕೂಗು. ಟ್ರಾಲಿ ಓಡುವ ಕಂಬಿಯ ಮೇಲೆ ಹಿಡಿದೆ. ಅದೇ ಕೂಗು. ಒಂದು ತುಂಡು ಹಲಗೆಗೆ ಲಾಳದ ಮೊಳೆ ಹೊಡೆದು, ಹೊರಗೆ ಹುಲ್ಲಿನ ಮೇಲಿಟ್ಟು ಹಿಡಿದೆ. ಸಿಳ್ಳು ಅಲುಗಲಿಲ್ಲ.

“ನೋಡೋ! ಟ್ರಾಲಿ ಕೇಳ್ತದೆ, ಕಂಬಿ ಕೇಳ್ತದೆ, ಮೂಗಿನ ಕೆಳಗಿನ ಮೊಳೆ ಕೇಳೋದಿಲ್ಲ! ಪೂರಾ ಗೊತ್ತು ಅಂದ್ಯಲ್ಲ, ಯಾವ ಕಾಯಿಲು ಸರಿ, ಹೇಳು!”

ಸೀತಾರಾಮಪ್ಪ ದಿಮ್ಮಿ ನೋಡಿದ. ಆಗಲೇ ಮತ್ತೆ ಅದರ ಮೇಲೆ ಹತ್ತಿ ಕೂತಿದ್ದ ತಾಯಿಯನ್ನು ನೋಡಿದ.

“ಗೊತ್ತಿಲ್ಲ ಶೇಷಣ್ಣ. ನೋಡ್ತೀನಿ,” ಎಂದ.

ಊರಿನವರು ದೆವ್ವ ಮಾತಾಡಿದಾಗ ಹೆದರಿದ್ದಕ್ಕಿಂತ ಹೆಚ್ಚಾಗಿ ಈ ಮಾತಿಗೆ ಹೆದರಿದರು. ಕೆರಿಯಮ್ಮನಂತೂ ಅವನಿಗೆ ಮೈ ಬೆಚ್ಚಗಿದೆಯೇ ಎಂದು ಹಣೆ ಮುಟ್ಟಿ ನೋಡಿದಳು.

ಗುರುವಾರ ಅವನು ಗುತ್ಯಮ್ಮನ ಕೈಬಳೆಯಷ್ಟು ಸಣ್ಣ ಕಾಯಿಲು ಮಾಡಿಸಿಕೊಂಡು ಬಂದ. ದೊಡ್ಡದರ ಮೇಲಿನ ಸಿಟ್ಟಿಗೆ ಇದು. ಈ ಕಾಯಿಲು ಟ್ರಾಲಿಗೆ ಕೂಗಲಿಲ್ಲ, ಕಂಬಿಗೆ ಕೂಗಲಿಲ್ಲ. ಮೊಳೆ ಎರಡು ಬೆರಳು ಆಳಕ್ಕೆ ಹೋದರೆ ಅದಕ್ಕೂ ಕೂಗಲಿಲ್ಲ. ಇದನ್ನೂ ಮುರಿದು ಎಸೆಯುತ್ತಾನೆ ಎಂದುಕೊಂಡೆ. ಎಸೆಯಲಿಲ್ಲ. ಕೆರಿಯಮ್ಮನ ಹತ್ತಿರ ಹೋಗಿ, “ಅತ್ತೆ, ನೀವು ಜಡಿಸಿದ್ದು ಎಂಥ ಮೊಳೆ?” ಎಂದು ಕೇಳಿದ. ಸುಬ್ಬಪ್ಪನನ್ನು ಕೇಳಿದ. ತಾಯಿಯನ್ನು ಕೇಳಿದ. ಎಲ್ಲರದೂ ಲಾಳದ ಮೊಳೆ, ಬೆಳ್ಳಪ್ಪನದು ಮಾತ್ರ ಜಂತಿ ಮೊಳೆ. ಅಂಥದ್ದೇ ಎರಡು ತಂದ. ಮಿಲ್ಲಿನ ಹಿಂದಿನ ಬಯಲಿನಲ್ಲಿ, ಕಬ್ಬಿಣವೆಂಬುದು ಇಪ್ಪತ್ತು ಹೆಜ್ಜೆಯಲ್ಲಿಲ್ಲದ ಕಡೆ ಕೂತ. ಸೊಂಟದ ಕತ್ತಿ ಬಿಚ್ಚಿ ದೂರ ಇಟ್ಟ. ಮೊಳೆಯ ಮೇಲೊಂದು ಹಲಗೆ ಇಟ್ಟು ಕೇಳಿದ. ಎರಡು ಹಲಗೆ ಇಟ್ಟು ಕೇಳಿದ. ಮೂರು ಹಲಗೆ. ಮೊಳೆ ಅಡ್ಡ ಮಲಗಿಸಿ ಕೇಳಿದ, ನಿಲ್ಲಿಸಿ ಕೇಳಿದ. ಕೇಳಿದ್ದನ್ನೆಲ್ಲ ಇದ್ದಿಲಿನಲ್ಲಿ ಒಂದು ಹಲಗೆಗೆ ಗೀಚಿದ. ಸಾಗರದ ಪೇಟೆಗೆ ಒಂದೇ ದಿನ ಮೂರು ಸಲ ನಡೆದು, ಮೂರು ಅಳತೆಯ ಕಾಯಿಲು ಸುತ್ತಿಸಿಕೊಂಡು ಬಂದ. ಮೂರನೇ ಸಲ ಗಣೇಶಮೂರ್ತಿ ಅಂಗಡಿಯ ಬಾಗಿಲು ಹಾಕಿಕೊಂಡು ತಾನೇ ಅವನ ಜೊತೆ ಬಂದು ಹುಲ್ಲಿನ ಮೇಲೆ ಕೂತ.

ನಾನು ಪಟ್ಟಿ ಮಸೆಯುವ ನೆಪದಲ್ಲಿ ಕಿಟಕಿಯಿಂದ ನೋಡುತ್ತಿದ್ದೆ. ಇಪ್ಪತ್ತು ವರ್ಷದ ಸಾಮಿಲ್ ಕೆಲಸದಲ್ಲಿ ಇಷ್ಟು ತಾಳ್ಮೆಯಿಂದ ಕೆಲಸ ಮಾಡಿದ ಮನುಷ್ಯನನ್ನು ನಾನು ಕಂಡಿಲ್ಲ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಶುಕ್ರವಾರ ಬೆಳಿಗ್ಗೆ ಅವನು ಮುಕುಂದಯ್ಯನವರ ಮುಂದೆ ಒಂದು ಕಾಯಿಲು ಇಟ್ಟ. ಚಾ ಬಸಿಯಷ್ಟಗಲ.

“ಇದು ಲಾಳದ ಮೊಳೆಯ ದನಿ ಮೂರು ಬೆರಳು ಆಳದತನಕ ಕೇಳ್ತದೆ ಅಯ್ಯಾ. ನಾಕನೇ ಬೆರಳಿಗೆ ಕೇಳೋದಿಲ್ಲ. ಟ್ರಾಲಿ ದೂರ ಇರೋದ್ರಿಂದ ಅದ್ರ ತಂಟೆಗೆ ಹೋಗೋದಿಲ್ಲ.”

“ದಿಮ್ಮಿ ಎರಡಡಿ ದಪ್ಪ ಅದೆ. ಮೂರು ಬೆರಳು ಕಟ್ಕಂಡು ಏನು ಮಾಡ್ತಿ?”

“ಮೂರು ಬೆರಳು ಕೇಳೋದು, ಎರಡು ಬೆರಳು ಕೊಯ್ಯೋದು. ಹಲಗೆ ತೆಗೆದು ಮತ್ತೆ ಕೇಳೋದು, ಮತ್ತೆ ಎರಡು ಬೆರಳು ಕೊಯ್ಯೋದು. ಒಂದೇ ಸಲಕ್ಕೆ ಎಲ್ಲಾ ಕೇಳ್ಬೇಕು ಅಂದ್ಕಂಡಿದ್ದೇ ನನ್ನ ತಪ್ಪು.”

ಗಣೇಶಮೂರ್ತಿ ಪಕ್ಕದಲ್ಲಿ ನಿಂತು ತಲೆದೂಗುತ್ತಿದ್ದ, ಮಗ ಪರೀಕ್ಷೆ ಪಾಸು ಮಾಡಿದ ಅಪ್ಪನ ಹಾಗೆ.

“ಅರ್ಧ ಗಂಟೆ ಕೆಲಸಕ್ಕೆ ಎರಡು ದಿನ ಮಿಲ್ ನಿಲ್ಲಿಸ್ಲಾ ನಾನು?” ಎಂದರು ಮುಕುಂದಯ್ಯನವರು.

ನನಗೆ ಏನಾಯಿತೋ, ಯಜಮಾನರ ಮೇಲೆಯೇ ರೇಗಿಬಿಟ್ಟೆ. “ಕೊಯ್ಯಿರಿ ಅಯ್ಯಾ! ಈ ಮನುಷ್ಯ ನಿನ್ನೆ ಊಟ ಮಾಡಿಲ್ಲ. ಪಟ್ಟಿ ಹರಿದ್ರೆ ನಾಳೆಯಿಂದ ನಾನು ಇಲ್ಲಿಗೆ ಬರೋದಿಲ್ಲ, ತೀರ್ಥಹಳ್ಳಿಗೆ ಹೋಗಿ ಸೌದೆ ಒಡೀತೀನಿ!”

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಆದರೆ ಸಿಟ್ಟಿನಲ್ಲಿ ಆಡಿದ ಮಾತಿಗೆ ಒಂದು ಮರ್ಯಾದೆ ಇರುತ್ತದೆ, ಹಿಂದಕ್ಕೆ ತೆಗೆದುಕೊಳ್ಳಬಾರದು.

ಗರಗಸ ತಿರುಗಿತು. ಎರಡು ಬೆರಳು ಕೊಯ್ಯುವುದು, ಎಂಜಿನ್ ನಿಲ್ಲಿಸುವುದು. ಸೀತಾರಾಮಪ್ಪ ರೇಡಿಯೋಕ್ಕೆ ಕಿವಿಗೊಟ್ಟು, ಕೂಸಿನ ಮೈ ಸವರುವ ಹಾಗೆ ಕಾಯಿಲು ಆಡಿಸುವುದು. ಸಿಳ್ಳು ಬದಲಾದ ಕಡೆ ಬೆರಳಿಡುವುದು. ನಾನು ಉಳಿ ಹಾಕಿ ಬಿಡಿಸುವುದು. ಮೊದಲನೆಯ ಮೊಳೆ ಅವನು ಬೆರಳಿಟ್ಟ ಜಾಗದಿಂದ ಅರ್ಧ ಅಂಗುಲವೂ ಆಚೀಚೆ ಇರಲಿಲ್ಲ. ಕಪ್ಪಗೆ, ತುಕ್ಕು ಹಿಡಿದು ಹೊರಬಂತು. ಅದು ಹೊರಬಂದದ್ದೇ ತಡ, ಜನ ಬೇಲಿಯಾಚೆಗೆ ಓಡಿದರು.

“ಬಿಟ್ಟುಬಿಟ್ರಲ್ಲ! ಇನ್ನು ಅದು ಎಲ್ಲಿಗೆ ಹೋಗ್ತದೋ!” ಎಂದು ಸುಬ್ಬಪ್ಪ ಕೂಗಿದ.

“ಎಲ್ಲಿಗೆ ಹೋಗ್ತದೆ?” ಎಂದಳು ಗುತ್ಯಮ್ಮ. “ಊರಿಗೆ ಹೋದ್ರೆ ನೀರು. ಹೊಸ ಜಾಗಕ್ಕೆ ಬರಾಕೆ ಗೌರ್ಮೆಂಟು ದೆವ್ವಗಳಿಗೂ ಜಮೀನು ಕೊಟ್ಟಿದ್ಯಾ?”

ಈ ಮಾತು ಕೆರಿಯಮ್ಮನ ಮನಸ್ಸಿಗೆ ನಾಟಿತು. ಮಾವನದೇ ಎನಿಸಿದ ಮೊಳೆ ಬಂದಾಗ ಅವಳು ಮುಂದೆ ಬಂದು ಸೆರಗೊಡ್ಡಿದಳು. “ಕೊಡಿ ಇತ್ಲಾಗೆ. ನೀರಾಗೆ ಬಿಡಾಕಾಗ್ತದಾ? ಹೊಸ ಮನೆ ಹಿಂದೆ ಒಂದು ಮತ್ತಿ ಮರ ಅದೆ.” ಗುರುತಿಲ್ಲದ ದೆವ್ವವನ್ನೂ ಅವಳೇ ಕಟ್ಟಿಕೊಂಡಳು. ಸುಬ್ಬಪ್ಪ ಚಿಕ್ಕಪ್ಪನನ್ನು ಬಾಳೆಲೆಯಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಗುತ್ಯಮ್ಮ ತನ್ನ ಏಳನ್ನೂ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಹತ್ತು ಮೊಳೆ ಬಂದಿದ್ದವು. ನಡುವೆ ಚೌಕದ ತಿರುಳು ಉಳಿದಿತ್ತು. ಬಾಗಿಲುವಾಡ ಹುಟ್ಟಬೇಕಾದದ್ದು ಅದರಿಂದಲೇ.

ಹನ್ನೊಂದನೆಯದು ಬಂದಿರಲಿಲ್ಲ. ಬೆಳ್ಳಪ್ಪನ ಅತ್ತೆ. ಗೇಣುದ್ದದ ಜಂತಿ ಮೊಳೆ. ಸಿಕ್ಕಿದರೆ ಪಟ್ಟಿ ಹರಿಯುವುದಿಲ್ಲ, ಸಿಡಿಯುತ್ತದೆ. ಸೀತಾರಾಮಪ್ಪ ತಿರುಳಿನ ನಾಲ್ಕೂ ಮೈಯನ್ನು ಮೂರು ಸಲ ಕೇಳಿದ. ಸಿಳ್ಳು ಒಂದೇ ಸಮ.

“ಇಲ್ಲ,” ಎಂದ.

“ಬೆಳ್ಳಪ್ಪ ಐತೆ ಅಂತಾನಲ್ಲೋ!” ಎಂದು ಧರ್ಮಪ್ಪ ಟ್ರಾಲಿಯಿಂದ ಇಳಿದು ನಿಂತ. “ನಿನ್ನ ಮಿಷನ್ ನಂಬ್ಲಾ, ಅವನ ಬಾಯಿ ನಂಬ್ಲಾ?”

“ಸೀತೂ, ಬ್ಯಾಡ ಬಾ,” ಎಂದಳು ಗುತ್ಯಮ್ಮ. ಐದು ದಿನದಲ್ಲಿ ಅವಳು ಮೊದಲ ಸಲ ಬೇಡ ಎಂದದ್ದು. “ಬಾಗಿಲು ಎಂಥದಾದ್ರೂ ಆಗ್ಲಿ. ನೀ ಬಾ.”

ಸೀತಾರಾಮಪ್ಪ ಕಾಯಿಲನ್ನು ಗಣೇಶಮೂರ್ತಿಯ ಕೈಗೆ ಕೊಟ್ಟು, ಧರ್ಮಪ್ಪನ ಜಾಗದಲ್ಲಿ, ಗರಗಸಕ್ಕೆ ನೇರ ಎದುರಾಗಿ ಕೂತ. ಟ್ರಾಲಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ. ನಾನು ನೋಡಿದೆ. ನೋಡಿಲ್ಲ ಎಂಬಂತೆ ಎಂಜಿನ್ ಶುರುಮಾಡಿದೆ.

ಪಟ್ಟಿ ತಿರುಳಿಗೆ ತಾಗಿತು. ಹಳದಿ ಹೊಟ್ಟು ಚಿಮ್ಮಿತು. ಮುಕುಂದಯ್ಯನವರು ಕಣ್ಣು ಮುಚ್ಚಿಕೊಂಡು ಇಕ್ಕೇರಿಯ ಅಘೋರೇಶ್ವರನಿಗೆ ಏನೋ ಹರಕೆ ಹೊರುತ್ತಿದ್ದರು. ಆರಡಿ. ಅಷ್ಟುದ್ದವೂ ಗರಗಸ ಒಂದೇ ಸ್ವರದಲ್ಲಿ ಹಾಡಿಕೊಂಡು ಹೋಗಿ ಆಚೆ ತುದಿಯಲ್ಲಿ ಹೊರಬಿತ್ತು. ತಿರುಳು ಎರಡು ಭಾಗವಾಗಿ ಬಿದ್ದುಕೊಂಡಿತು. ಹಲಸಿನ ಹಣ್ಣಿನ ಬಣ್ಣ. ಒಂದು ಕಲೆ ಇಲ್ಲ.

ಎಲ್ಲರೂ ಬೆಳ್ಳಪ್ಪನ ಕಡೆ ತಿರುಗಿದರು.

“ನಾ ಹೊಡೀಲೇ ಇಲ್ಲ,” ಎಂದ ಬೆಳ್ಳಪ್ಪ. “ಮೊಳೆ ಇಟ್ಟು ಸುತ್ತಿಗೆ ಎತ್ತಿದ್ದೆ. ಹಿಂದಿನಿಂದ ಅತ್ತೆ ‘ಎಂತ ಮಾಡ್ತಿದೀರಿ ಅಳಿಯಂದ್ರೇ’ ಅಂದ್ರು. ದನ ಕಟ್ಟಾಕೆ ಗೂಟ ನೋಡ್ತಿದೀನಿ ಅಂದೆ.”

“ಮತ್ತೆ ಮೊನ್ನೆ ಐತೆ ಅಂದ್ಯಲ್ಲೋ!”

“ಎಲ್ರೂ ಒಂದೊಂದು ಹೇಳ್ತಿದ್ರು. ನಂದೂ ಒಂದಿರ್ಲಿ ಅಂತ.”

ಧರ್ಮಪ್ಪ ಅವನನ್ನು ಬೇಲಿಯತನಕ ಅಟ್ಟಿಸಿಕೊಂಡು ಹೋದ. ಮುಕುಂದಯ್ಯನವರು ಕಣ್ಣು ತೆರೆದು, ಸೀತಾರಾಮಪ್ಪನ ಬೆನ್ನ ಮೇಲೆ ಕೈಯಿಟ್ಟು, “ಕೂತ್ಕ ಮಾರಾಯ, ಚಾ ಕುಡಿ,” ಎಂದರು. ಆ ಮಿಲ್ಲಿನಲ್ಲಿ ಗಿರಾಕಿಗೆ ಚಾ ಕೊಟ್ಟದ್ದು ನನಗೆ ತಿಳಿದ ಹಾಗೆ ಅದೇ ಮೊದಲು. ಗಣೇಶಮೂರ್ತಿ ನನ್ನ ಕಿವಿಯಲ್ಲಿ, “ನಾನು ಪುಸ್ತಕದಲ್ಲಿ ಓದಿದ್ದು ಅವನು ಹುಲ್ಲಿನ ಮೇಲೆ ಕೂತು ಕಂಡುಹಿಡ್ದ,” ಎಂದ. ನಾನು “ಹೂಂ” ಎಂದೆ. ಹೆಚ್ಚಿಗೆ ಹೊಗಳಿದರೆ ಸೀತಾರಾಮಪ್ಪ ಮತ್ತೆ ಎಲ್ಲಾ ಗೊತ್ತು ಎನ್ನಲು ಶುರುಮಾಡುವ ಅಪಾಯವಿತ್ತು.

ಸಂಜೆ ಗಾಡಿಗೆ ಮರ ಹೇರಿದೆವು. ಗುತ್ಯಮ್ಮ ಒಂದೊಂದು ತುಂಡನ್ನೂ ಸವರಿ ನೋಡಿದಳು. ಬಾಗಿಲುವಾಡದ ಮೇಲಿನ ಅಡ್ಡಪಟ್ಟಿಗೆಂದು ಅವಳು ಆರಿಸಿದ ತುಂಡಿನ ಎಡತುದಿಯಲ್ಲಿ ಮೊಳೆ ತೆಗೆದ ತೂತೊಂದು ಇತ್ತು. ಸೀತಾರಾಮಪ್ಪನ ಮುಖ ಸಣ್ಣದಾಯಿತು.

“ಬಡಗಿ ಹತ್ರ ಮುಚ್ಚಿಸ್ತೀನಿ ಅವ್ವಾ.”

“ಯಾಕೆ ಮುಚ್ಚಿಸ್ತಿ? ಇರ್ಲಿ. ಮಾವಿನೆಲೆ ತೋರಣದ ದಾರ ಕಟ್ಟಾಕೆ ಆಯ್ತು.”

“ಒಂದು ಬದಿಗೆ ಆಯ್ತು. ಇನ್ನೊಂದು ಬದಿಗೆ?”

ಗುತ್ಯಮ್ಮ ಎಲೆಗೆ ಸುಣ್ಣ ಹಚ್ಚುತ್ತ, ಇದೂ ಒಂದು ಕೇಳುವ ಮಾತೇ ಎನ್ನುವ ಹಾಗೆ ಮಗನ ಮುಖ ನೋಡಿದಳು.

“ಮೊಳೆ ಹೊಡಿ.”

ಸೀತಾರಾಮಪ್ಪ ನನ್ನ ಹತ್ತಿರ ಬಂದು ನಿಂತ. “ಶೇಷಣ್ಣ, ಒಂದು ಮೊಳೆ ಇದ್ಯಾ?”

ನನ್ನ ಕೈಯಲ್ಲಿ ಹಲ್ಲು ಮಸೆಯುವ ಅರ ಇತ್ತು. ಎತ್ತಿದೆ. ಗಾಡಿಯ ಮೇಲಿನಿಂದ ಮುದುಕಿ ನನ್ನನ್ನೇ ನೋಡುತ್ತಿದ್ದಳು. ಅರ ಕೆಳಗಿಟ್ಟು, ಮೊಳೆ ಹುಡುಕಲು ಒಳಗೆ ಹೋದೆ.